ನಾಲ್ಕು ಭಾಷೆಯ ಕೋಡ್ ಒಂದೇ ಅಪ್ಲಿಕೇಶನ್‌ನಲ್ಲಿ: ಕ್ರ್ಯಾಶ್ ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಮೋಟರ್, ಬೇರಿಂಗ್‌ಗಳ ವೈಬ್ರೇಶನ್ ಅಳೆದು ರಿಪೋರ್ಟ್ ಕೊಡುವ ಯಂತ್ರ ನಮ್ಮದು. ಲೆಕ್ಕದ ಭಾಗ ಹಳೇ ಫೋರ್ಟ್ರಾನ್‌ನಲ್ಲಿದೆ, ಬರೆದವರು ರಿಟೈರ್ ಆಗಿದ್ದಾರೆ. ಡೇಟಾ ಕಾರ್ಡ್‌ನ ಲೈಬ್ರರಿ ಸಿ++ನದು, ಅದರ ಸೋರ್ಸ್ ನಮಗೆ ಸಿಗುವುದಿಲ್ಲ. ಸ್ಕ್ರೀನ್, ರಿಪೋರ್ಟ್ ಪೈಥಾನ್‌ನಲ್ಲಿ. ಹೊಸದಾಗಿ ಸೇರಿದ ಹುಡುಗ ಫೈಲ್ ಓದುವ ಭಾಗವನ್ನು ರಸ್ಟ್‌ನಲ್ಲಿ ಬರೆದಿದ್ದಾನೆ. ಸಿ++ ಲೈಬ್ರರಿಯ ಮೇಲೆ ತೆಳುವಾದ ಒಂದು ಸಿ ರ‍್ಯಾಪರ್ ಬರೆದು, ಎಲ್ಲವನ್ನೂ ಪೈಥಾನ್‌ನ ಸಿಟೈಪ್ಸ್‌ನಿಂದ (ಸಿ ಲೈಬ್ರರಿಗಳನ್ನು ಪೈಥಾನ್‌ನಿಂದ ಕರೆಯಲು ಇರುವ ಮಾಡ್ಯೂಲ್) ಕರೆಯುತ್ತಿದ್ದೇನೆ. ‘ಓಪನ್’ ಫಂಕ್ಷನ್ ಕೊಟ್ಟ ಹ್ಯಾಂಡಲ್ ಅನ್ನು ‘ರೀಡ್’ ಫಂಕ್ಷನ್‌ಗೆ ಕೊಡುತ್ತೇನೆ. ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಬೊಮ್ಮಸಂದ್ರದ ಗಿರಾಕಿಯ ಮಷೀನ್‌ನಲ್ಲಿ ‘ರೀಡ್’ಗೆ ಬಂದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್. ಫೋರ್ಟ್ರಾನ್‌ನಿಂದ ಬರುವ ಮ್ಯಾಟ್ರಿಕ್ಸ್ ಕೂಡ ಅದಲು ಬದಲಾಗಿದೆ. ಎಲ್ಲವನ್ನೂ ಒಂದೇ ಭಾಷೆಯಲ್ಲಿ ಹೊಸದಾಗಿ ಬರೆಯೋಣ ಅಂತ ಬಾಸ್ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬರೆಯಬೇಡಿ. ಅದರಲ್ಲೂ ಫೋರ್ಟ್ರಾನ್ ಭಾಗವನ್ನು ಮುಟ್ಟಲೇಬೇಡಿ. ವರ್ಷಗಟ್ಟಲೆ ಗಿರಾಕಿಗಳ ಮುಂದೆ ಸರಿಯಾದ ಉತ್ತರ ಕೊಟ್ಟಿರುವ ಲೆಕ್ಕ ಅದು. ಬೇರೆ ಭಾಷೆಗೆ ತಂದರೆ ಅದೇ ನಂಬಿಕೆಯನ್ನು ಮತ್ತೆ ಮೊದಲಿಂದ ಗಳಿಸಬೇಕು.

ನಾಲ್ಕು ಭಾಷೆ ಒಂದೇ ಅಪ್ಲಿಕೇಶನ್‌ನಲ್ಲಿ ಇರುವುದು ವಿಚಿತ್ರವೂ ಅಲ್ಲ. ನೀವು ಪೈಥಾನ್‌ನಲ್ಲಿ ನಂಪೈ, ಸೈಪೈ ಎಂಬ ಲೆಕ್ಕದ ಲೈಬ್ರರಿಗಳನ್ನು ಬಳಸುತ್ತಿದ್ದೀರಿ ಅಲ್ವಾ? ಅವುಗಳ ಒಳಗೆ ಇರುವುದು ಜಾಸ್ತಿ ಸಿ, ಸಿ++. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಅವು ನೆಚ್ಚಿಕೊಂಡಿರುವ ಲ್ಯಾಪ್ಯಾಕ್ 1992ರಲ್ಲಿ ಬಂದದ್ದು, ಫೋರ್ಟ್ರಾನ್‌ನಲ್ಲಿ ಬರೆದದ್ದು. ಇನ್ನು ನಮ್ಮ ಊರಿನ ಮಾತಿಗೆ ಬಂದರೆ, 1986ರಲ್ಲೇ ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಗಾಳಿಯ ಹರಿವಿನ ಲೆಕ್ಕಕ್ಕೆಂದು ಫ್ಲೋಸಾಲ್ವರ್ ಎಂಬ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದರು. ಆ ಥರದ ಲೆಕ್ಕಗಳ ಮನೆಭಾಷೆ ಫೋರ್ಟ್ರಾನ್. ಬೆಂಗಳೂರಿನಲ್ಲಿ ಹಳೇ ಫೋರ್ಟ್ರಾನ್ ಇಟ್ಟುಕೊಂಡು ದುಡಿಯುವವರು ನೀವೊಬ್ಬರೇ ಅಲ್ಲ.

ಈಗ ನಿಮ್ಮ ಕ್ರ್ಯಾಶ್‌ಗೆ ಬರೋಣ. ನೀವು ಬರೆದಿರುವಷ್ಟರಿಂದಲೇ ನನ್ನ ಅನುಮಾನ ಒಂದೇ ಕಡೆ ಹೋಗುತ್ತದೆ: ‘ಓಪನ್’ ಫಂಕ್ಷನ್‌ಗೆ ನೀವು ರೆಸ್‌ಟೈಪ್ (ವಾಪಸ್ ಬರುವುದರ ಟೈಪ್) ಹೇಳಿಲ್ಲ. ಸಿಟೈಪ್ಸ್‌ಗೆ ಏನೂ ಹೇಳದಿದ್ದರೆ, ಫಂಕ್ಷನ್ ವಾಪಸ್ ಕೊಡುವುದು ಸಿ ಭಾಷೆಯ ‘ಇಂಟ್’ ಎಂದು ಅದು ತಿಳಿದುಕೊಳ್ಳುತ್ತದೆ. ಇಂಟ್ ಅಂದರೆ 32 ಬಿಟ್. ನಿಮ್ಮ ಹ್ಯಾಂಡಲ್ ಒಂದು ಪಾಯಿಂಟರ್, ಎಂದರೆ ಮೆಮೊರಿಯ ವಿಳಾಸ, ಅದು 64 ಬಿಟ್. ಮೇಲಿನ 32 ಬಿಟ್ ಸದ್ದಿಲ್ಲದೆ ಉದುರಿ ಹೋಗುತ್ತದೆ. ಉಳಿದ ತುಂಡನ್ನು ನೀವು ‘ರೀಡ್’ಗೆ ಕೊಡುತ್ತೀರಿ. ‘ರೀಡ್’ ಆ ವಿಳಾಸಕ್ಕೆ ಹೋಗಿ ನೋಡಿದರೆ ಅಲ್ಲಿ ಯಾವ ಮೆಮೊರಿಯೂ ಇಲ್ಲ. ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂ ಅನ್ನು ಅಲ್ಲೇ ಕೊಲ್ಲುತ್ತದೆ, ಸೆಗ್ಮೆಂಟೇಶನ್ ಫಾಲ್ಟ್ ಅಂದರೆ ಇದೇ.

ಹಾಗಾದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೇಗೆ ನಡೆಯಿತು? ಅದೃಷ್ಟ, ಅಷ್ಟೇ. ಪೈಥಾನ್ ಇಂಟರ್‌ಪ್ರಿಟರ್ ಅನ್ನು ಎರಡು ರೀತಿ ಬಿಲ್ಡ್ ಮಾಡಬಹುದು. ಒಂದರಲ್ಲಿ ಅದು ಪ್ರತಿ ಸಲ ಮೆಮೊರಿಯ ಯಾವುದೋ ಎತ್ತರದ ವಿಳಾಸದಲ್ಲಿ ಲೋಡ್ ಆಗುತ್ತದೆ. ಇನ್ನೊಂದರಲ್ಲಿ ಯಾವಾಗಲೂ ಕೆಳಗಿನ, ಗೊತ್ತಿರುವ ವಿಳಾಸದಲ್ಲಿ ಕೂರುತ್ತದೆ. ಎರಡನೆಯ ಥರದ್ದಾದರೆ ಅದರ ಹೀಪ್ (ಕೇಳಿದಾಗ ಮೆಮೊರಿ ಕೊಡುವ ಜಾಗ) ಕೂಡ ಅದರ ಪಕ್ಕದಲ್ಲೇ, ಕೆಳಗೇ ಶುರುವಾಗುತ್ತದೆ. ಸಣ್ಣ ಹ್ಯಾಂಡಲ್‌ಗೆ ಮೆಮೊರಿ ಅಲ್ಲೇ ಸಿಗುತ್ತದೆ. ವಿಳಾಸ 2 ಜಿಬಿ ಗಡಿಯೊಳಗೆ ಇದ್ದರೆ ಮೇಲಿನ 32 ಬಿಟ್ ಹೇಗೂ ಸೊನ್ನೆ. ಉದುರಿದರೂ ನಷ್ಟವಿಲ್ಲ. ಗಿರಾಕಿಯ ಮಷೀನ್‌ನ ಪೈಥಾನ್ ಮೊದಲನೆಯ ಥರದ್ದಾಗಿರಬಹುದು. ಅಥವಾ ಅಲ್ಲಿ ‘ಓಪನ್’ ಬೇರೊಂದು ಥ್ರೆಡ್‌ನಿಂದ ನಡೆದು, ಮೆಮೊರಿ ಎತ್ತರದ ವಿಳಾಸದಲ್ಲಿ ಸಿಕ್ಕಿರಬಹುದು. ಎರಡರಲ್ಲೂ ಫಲ ಒಂದೇ.

ಇದಕ್ಕೆ ಮದ್ದು ಎರಡು ಸಾಲು. ‘ಓಪನ್’ ಫಂಕ್ಷನ್‌ನ ರೆಸ್‌ಟೈಪ್ ಅನ್ನು ಸಿ ವಾಯ್ಡ್ ಪಾಯಿಂಟರ್ ಮಾಡಿ. ‘ರೀಡ್’ನ ಆರ್ಗ್‌ಟೈಪ್ಸ್ (ಕೊಡುವ ಆರ್ಗ್ಯುಮೆಂಟ್‌ಗಳ ಟೈಪ್) ಪಟ್ಟಿಯಲ್ಲಿ ಮೊದಲನೆಯದನ್ನೂ ಅದೇ ಮಾಡಿ. ಎರಡೂ ಬೇಕು. ರೆಸ್‌ಟೈಪ್ ಒಂದನ್ನೇ ಮಾಡಿದರೆ ಸಿಟೈಪ್ಸ್ ಸರಿಯಾಗಿ ಬಂದ ಪಾಯಿಂಟರ್ ಅನ್ನು ವಾಪಸ್ ಕಳಿಸುವಾಗ ಮತ್ತೆ ಕತ್ತರಿಸುತ್ತದೆ. ಇನ್ನು ಮುಂದೆ ಯಾವ ಫಂಕ್ಷನ್ ಆದರೂ ಸರಿ, ಈ ಎರಡನ್ನೂ ಬರೆಯದೆ ಕರೆಯಬೇಡಿ. ಇನ್ನೊಂದು ತಪ್ಪು ಇದಕ್ಕಿಂತ ಕಳ್ಳ. ಸಿ ಫಂಕ್ಷನ್ ‘ಡಬಲ್’ ಕೇಳುತ್ತದೆ, ನೀವು ಪೈಥಾನ್‌ನಿಂದ ಸುಮ್ನೆ 5 ಎಂದು ಕೊಡುತ್ತೀರಿ. ಆರ್ಗ್‌ಟೈಪ್ಸ್ ಇಲ್ಲದಿದ್ದರೆ ಅದು ಪೂರ್ಣಾಂಕವಾಗಿ ಹೋಗುತ್ತದೆ. ಕ್ರ್ಯಾಶ್ ಆಗುವುದಿಲ್ಲ, ಯಾವುದೋ ಕಸದ ಸಂಖ್ಯೆಯಲ್ಲಿ ಲೆಕ್ಕ ನಡೆದು ಸುಳ್ಳು ಉತ್ತರ ಬರುತ್ತದೆ. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ. ಬೇರಿಂಗ್ ಚೆನ್ನಾಗಿದೆ ಎಂದು ತಪ್ಪು ರಿಪೋರ್ಟ್ ಹೋದರೆ ಯಾರಿಗೆ ಗೊತ್ತಾಗುತ್ತದೆ?

ಯಾಕೆ ಹೀಗೆ ಎಂದು ಸ್ವಲ್ಪ ಒಳಗೆ ಹೋಗಿ ನೋಡಿದರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಒಂದೇ ಭಾಷೆಯ ಒಳಗಿದ್ದಾಗ ಕಂಪೈಲರ್ ನಿಮ್ಮ ಕಾವಲಿಗೆ ಇರುತ್ತದೆ. ಎರಡು ಭಾಷೆಯ ನಡುವಿನ ಗಡಿಯಲ್ಲಿ ಯಾರೂ ಇಲ್ಲ. ಕಂಪೈಲ್ ಆದಮೇಲೆ ಟೈಪ್ ಎಂಬುದೇ ಉಳಿಯುವುದಿಲ್ಲ. ಉಳಿಯುವುದು ಯಾವ ರಿಜಿಸ್ಟರ್‌ನಲ್ಲಿ ಏನು ಇಡಬೇಕು ಎಂಬ ಒಪ್ಪಂದ ಮಾತ್ರ. ಅದಕ್ಕೆ ಎಬಿಐ ಅನ್ನುತ್ತಾರೆ. 64 ಬಿಟ್ ಇಂಟೆಲ್, ಎಎಂಡಿ ಮಷೀನ್‌ಗಳಲ್ಲಿ ಲಿನಕ್ಸ್ ಒಪ್ಪಂದದ ಪ್ರಕಾರ ಮೊದಲ 6 ಪೂರ್ಣಾಂಕ ಅಥವಾ ಪಾಯಿಂಟರ್‌ಗಳು ಗೊತ್ತಾದ 6 ರಿಜಿಸ್ಟರ್‌ಗಳಲ್ಲಿ ಹೋಗುತ್ತವೆ. ದಶಮಾಂಶ ಸಂಖ್ಯೆಗಳಿಗೆ ಬೇರೆಯೇ ರಿಜಿಸ್ಟರ್‌ಗಳ ಸಾಲಿದೆ. ಮೇಲೆ ಹೇಳಿದ 5 ಕಸವಾಗುವುದು ಇದಕ್ಕೇ: ನೀವು ಒಂದು ಸಾಲಿನಲ್ಲಿ ಇಟ್ಟಿರಿ, ಅದು ಇನ್ನೊಂದು ಸಾಲಿನಲ್ಲಿ ಹುಡುಕಿತು. ವಿಂಡೋಸ್‌ನಲ್ಲಿ ಈ ಒಪ್ಪಂದವೇ ಬೇರೆ, ಅಲ್ಲಿ 4 ಆರ್ಗ್ಯುಮೆಂಟ್ ಮಾತ್ರ ರಿಜಿಸ್ಟರ್‌ನಲ್ಲಿ.

ಸಿ ಭಾಷೆಗೆ ಈ ಒಪ್ಪಂದ ಪ್ರತಿ ಆಪರೇಟಿಂಗ್ ಸಿಸ್ಟಂನಲ್ಲೂ ಬರೆದಿಟ್ಟ ಹಾಗೆ ಗಟ್ಟಿಯಾಗಿದೆ. ಬೇರೆಯವುಗಳಿಗೆ ಇಲ್ಲ. ಸಿ++ನಲ್ಲಿ ಒಂದೇ ಹೆಸರಿನ ಹಲವು ಫಂಕ್ಷನ್ ಇರಬಹುದಾದ್ದರಿಂದ ಕಂಪೈಲರ್ ಹೆಸರಿಗೆ ಆರ್ಗ್ಯುಮೆಂಟ್ ಟೈಪ್‌ಗಳನ್ನೂ ಸೇರಿಸಿ ತಿರುಚುತ್ತದೆ. ರಸ್ಟ್ ತನ್ನ ಒಳಗಿನ ಒಪ್ಪಂದವನ್ನು ಯಾವ ವರ್ಶನ್‌ನಲ್ಲಾದರೂ ಬದಲಿಸುವ ಹಕ್ಕನ್ನು ಬೇಕೆಂದೇ ಇಟ್ಟುಕೊಂಡಿದೆ. ಹಾಗಾಗಿ ರಸ್ಟ್ ಮತ್ತು ಫೋರ್ಟ್ರಾನ್ ಮಾತಾಡಬೇಕಾದರೂ ಇಬ್ಬರೂ ಸಿ ವೇಷ ಹಾಕಿಕೊಂಡೇ ಮಾತಾಡಬೇಕು, ನಡುವೆ ಒಂದೇ ಒಂದು ಸಾಲು ಸಿ ಕೋಡ್ ಇಲ್ಲದಿದ್ದರೂ. ಇದರಿಂದ ನಾನು ಯಾವಾಗಲೂ ಹಿಡಿಯುವ ನಿಯಮ: ಗಡಿ ದಾಟುವುದು ಸಂಖ್ಯೆ, ಪಾಯಿಂಟರ್, ಉದ್ದ, ತಪ್ಪಿನ ಕೋಡ್, ಇಷ್ಟೇ. ಆಬ್ಜೆಕ್ಟ್, ಎಕ್ಸೆಪ್ಶನ್, ಟೆಂಪ್ಲೇಟ್ ಎಲ್ಲ ತಂತಮ್ಮ ಮನೆಯೊಳಗೇ ಇರಲಿ. ಗಡಿಯಲ್ಲಿರುವ ಫಂಕ್ಷನ್‌ಗಳು ಎಷ್ಟು ಕಮ್ಮಿಯೋ ಅಷ್ಟು ನೆಮ್ಮದಿ. ನಿಮ್ಮ ಯಂತ್ರಕ್ಕೆ ಹತ್ತು ಹನ್ನೆರಡು ಸಾಕು ಅನ್ನಿಸುತ್ತದೆ.

ಫೋರ್ಟ್ರಾನ್ ವಿಷಯ ತುಸು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಜಿಫೋರ್ಟ್ರಾನ್ ಎಂಬ ಕಂಪೈಲರ್ ನಿಮ್ಮ ಸಬ್‌ರೂಟೀನ್ ಹೆಸರನ್ನು ಸಣ್ಣಕ್ಷರ ಮಾಡಿ ಕೊನೆಗೆ ಒಂದು ಅಂಡರ್‌ಸ್ಕೋರ್ ಅಂಟಿಸುತ್ತದೆ. ಮಾಡ್ಯೂಲ್ ಒಳಗಿದ್ದರೆ ಮಾಡ್ಯೂಲ್ ಹೆಸರನ್ನೂ ಸೇರಿಸುತ್ತದೆ. ಬೇರೆ ಕಂಪೈಲರ್ ಬೇರೆ ರೀತಿ ಮಾಡಬಹುದು. ಎರಡನೆಯದು, ಸಾಧಾರಣವಾಗಿ ಫೋರ್ಟ್ರಾನ್ ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ವಿಳಾಸವಾಗಿಯೇ ತೆಗೆದುಕೊಳ್ಳುತ್ತದೆ. ಸ್ಯಾಂಪಲ್ ಎಷ್ಟು ಎಂಬ ಒಂದು ಸಣ್ಣ ಸಂಖ್ಯೆಯೂ ಪಾಯಿಂಟರ್ ಆಗಿಯೇ ಹೋಗಬೇಕು. ಮೂರನೆಯದು, ಕ್ಯಾರೆಕ್ಟರ್ ಆರ್ಗ್ಯುಮೆಂಟ್ ಇದ್ದರೆ ಅದರ ಉದ್ದವನ್ನು ಜಿಫೋರ್ಟ್ರಾನ್ ಪಟ್ಟಿಯ ಕೊನೆಯಲ್ಲಿ ಗುಟ್ಟಾಗಿ ಸೇರಿಸುತ್ತದೆ. ಸಬ್‌ರೂಟೀನ್ ಸಾಲಿನಲ್ಲಿ ಅದು ಕಾಣುವುದೇ ಇಲ್ಲ.

ಈ ಕಾಟಗಳಿಗೆ ಫೋರ್ಟ್ರಾನ್ 2003ರ ಸ್ಟ್ಯಾಂಡರ್ಡ್‌ನಲ್ಲೇ ಉತ್ತರ ಇದೆ. ಐಸೋ ಸಿ ಬೈಂಡಿಂಗ್ ಎಂಬ ಮಾಡ್ಯೂಲ್ ಮತ್ತು ‘ಬೈಂಡ್ ಸಿ’ ಎಂಬ ಗುರುತು. ಹಳೇ ಕೋಡ್ ಮುಟ್ಟದೆ, ಪಕ್ಕದಲ್ಲಿ ಒಂದು ಹೊಸ ಫೋರ್ಟ್ರಾನ್ ಫೈಲ್ ಮಾಡಿ. ಅದರಲ್ಲಿ ‘ಬೈಂಡ್ ಸಿ’ ಹಾಕಿದ ಸಣ್ಣ ಸಬ್‌ರೂಟೀನ್ ಬರೆಯಿರಿ. ಹೆಸರು ನೀವು ಕೊಟ್ಟದ್ದೇ ಇರುತ್ತದೆ. ಸಣ್ಣ ಸಂಖ್ಯೆಗಳಿಗೆ ‘ವ್ಯಾಲ್ಯೂ’ ಎಂದು ಬರೆದರೆ ವಿಳಾಸದ ರಗಳೆ ಇಲ್ಲ. ಅರೇಗಳನ್ನು ಅಳತೆ ಸಮೇತ ಡಿಕ್ಲೇರ್ ಮಾಡಿ, ಎಂದರೆ ‘ಎಕ್ಸ್ ಆಫ್ ಎನ್’ ಎಂಬ ಹಾಗೆ. ಬರೀ ಕೋಲನ್ ಹಾಕಿದರೆ ಕಂಪೈಲರ್ ಪಾಯಿಂಟರ್ ಬದಲು ಒಂದು ಡಿಸ್ಕ್ರಿಪ್ಟರ್ ನಿರೀಕ್ಷಿಸುತ್ತದೆ, ಅದನ್ನು ಪೈಥಾನ್‌ನಿಂದ ಕೊಡುವುದು ತಲೆನೋವು. ಈ ಫೈಲ್ ಒಳಗಿನಿಂದ ಹಳೇ ಸಬ್‌ರೂಟೀನ್ ಕರೆಯಿರಿ, ಮುಗಿಯಿತು. ಫೋರ್ಟ್ರಾನ್ ಅನ್ನು ಪೈಥಾನ್ ಒಂದೇ ಕರೆಯುವುದಾದರೆ ನಂಪೈ ಜೊತೆ ಬರುವ ಎಫ್‌ಟುಪೈ ಇಷ್ಟನ್ನೂ ತಾನೇ ಮಾಡಿಕೊಡುತ್ತದೆ. ನಿಮ್ಮಲ್ಲಿ ಮುಂದೆ ರಸ್ಟ್ ಅಥವಾ ಸಿ++ ಕೂಡ ಅದನ್ನು ಕರೆಯುವ ಸಾಧ್ಯತೆ ಇರುವುದರಿಂದ ನಾನು ‘ಬೈಂಡ್ ಸಿ’ ದಾರಿ ಹಿಡಿಯುತ್ತೇನೆ.

ಮ್ಯಾಟ್ರಿಕ್ಸ್ ಅದಲು ಬದಲಾಗುವುದು ನಿಮ್ಮ ಕೋಡ್‌ನ ತಪ್ಪಲ್ಲ. ಸಿ, ನಂಪೈ ಎರಡೂ ಮ್ಯಾಟ್ರಿಕ್ಸ್ ಅನ್ನು ಅಡ್ಡಸಾಲು ಮುಗಿಸಿ ಮುಂದಿನ ಅಡ್ಡಸಾಲು ಎಂಬಂತೆ ಮೆಮೊರಿಯಲ್ಲಿ ಇಡುತ್ತವೆ. ಫೋರ್ಟ್ರಾನ್ 1957ರಿಂದಲೂ ಒಂದು ಕಂಬಸಾಲು ಮುಗಿಸಿ ಇನ್ನೊಂದು ಕಂಬಸಾಲಿಗೆ ಹೋಗುತ್ತದೆ. ಮೆಮೊರಿ ಅದೇ, ಓದುವ ಕ್ರಮ ಬೇರೆ. ನಂಪೈನಲ್ಲಿ ಅರೇ ಮಾಡುವಾಗಲೇ ಆರ್ಡರ್ ‘ಎಫ್’ ಎಂದು ಹೇಳಿಬಿಟ್ಟರೆ ಕಾಪಿ ಕೂಡ ಆಗದೆ ಸರಿಹೋಗುತ್ತದೆ. ಟೆಸ್ಟ್ ಮಾಡುವಾಗ ಮಾತ್ರ ಚೌಕದ ಮ್ಯಾಟ್ರಿಕ್ಸ್ ಬೇಡ. ಸಿಮೆಟ್ರಿಕ್ ಆಗಿದ್ದರಂತೂ ತಪ್ಪು ಕಾಣುವುದೇ ಇಲ್ಲ. 2 ಅಡ್ಡಸಾಲು, 3 ಕಂಬಸಾಲು ಇರುವ ಮ್ಯಾಟ್ರಿಕ್ಸ್‌ನಲ್ಲಿ 1ರಿಂದ 6 ತುಂಬಿ ಕಳಿಸಿ, ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಹಳೇ ಬಿಲ್ಡ್ ಸ್ಕ್ರಿಪ್ಟ್ ತೆರೆದು ನೋಡಿ. ಇಂಟೀಜರ್ ಅನ್ನು 8 ಬೈಟ್ ಮಾಡುವ ಆಪ್ಶನ್ ಯಾರಾದರೂ ಹಾಕಿದ್ದರೆ ಪೈಥಾನ್ ಕಡೆಯೂ 64 ಬಿಟ್ ಕೊಡಬೇಕು. ಸಿ ಭಾಷೆಯ ‘ಲಾಂಗ್’ ಗಡಿಯಲ್ಲಿ ಬೇಡವೇ ಬೇಡ. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, ವಿಂಡೋಸ್‌ನಲ್ಲಿ 4.

ಸಿ++ ರ‍್ಯಾಪರ್ ಬರೆದಿದ್ದೀರಿ, ಒಳ್ಳೆಯದಾಯಿತು. ಅದರಲ್ಲಿ ಮೂರು ವಿಷಯ ನೋಡಿಕೊಳ್ಳಿ. ಹೊರಗೆ ಕಾಣುವ ಪ್ರತಿ ಫಂಕ್ಷನ್‌ಗೂ ‘ಎಕ್ಸ್‌ಟರ್ನ್ ಸಿ’ ಇರಲಿ. ಪ್ರತಿ ಫಂಕ್ಷನ್‌ನ ಒಳಗೂ ಎಲ್ಲ ಎಕ್ಸೆಪ್ಶನ್ ಹಿಡಿಯುವ ಒಂದು ಕ್ಯಾಚ್ ಇರಲಿ, ಹಿಡಿದದ್ದನ್ನು ಸಂಖ್ಯೆಯ ಕೋಡ್ ಮಾಡಿ ವಾಪಸ್ ಕೊಡಿ. ಸಿ++ ಎಕ್ಸೆಪ್ಶನ್ ಪೈಥಾನ್ ತನಕ ಹಾರಿ ಬಂದರೆ ಇಡೀ ಪ್ರೋಗ್ರಾಂ ನಿಲ್ಲುತ್ತದೆ. ಮೂರನೆಯದು ಕಂಪೈಲರ್. 2015ರಲ್ಲಿ ಜಿಸಿಸಿ ಕಂಪೈಲರ್‌ನ 5ನೇ ವರ್ಶನ್ ಬಂದಾಗ ಅದರ ಸ್ಟ್ರಿಂಗ್‌ನ ಒಳರೂಪವೇ ಬದಲಾಯಿತು. ಹಳೇ ರೂಪದಲ್ಲಿ ಬಿಲ್ಡ್ ಆದ ಲೈಬ್ರರಿಗೆ ಹೊಸ ರೂಪದ ಕೋಡ್ ಲಿಂಕ್ ಮಾಡಿದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಾಲುಗಳು ಪುಟಗಟ್ಟಲೆ ಬರುತ್ತವೆ, ನಡುನಡುವೆ ಸಿಎಕ್ಸ್‌ಎಕ್ಸ್11 ಎಂಬ ಪದ ಕಾಣುತ್ತದೆ. ಕಾರ್ಡ್ ಕಂಪನಿಯ ಲೈಬ್ರರಿ ಹಳೆಯದಾದರೆ ರ‍್ಯಾಪರ್ ಒಂದನ್ನೇ ಹಳೇ ರೂಪದ ಆಪ್ಶನ್ ಹಾಕಿ ಕಂಪೈಲ್ ಮಾಡಿ. ರ‍್ಯಾಪರ್‌ನ ಹೊರಗಿರುವವರಿಗೆ ಇದು ಗೊತ್ತಾಗುವ ಅಗತ್ಯವೇ ಇಲ್ಲ. ಸಿ ಗಡಿಯ ದೊಡ್ಡ ಲಾಭ ಇದೇ.

ಮೆಮೊರಿ ಯಾರದು ಎಂಬುದು ಮುಂದಿನ ಪ್ರಶ್ನೆ. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಹುಳಿ ಬಂದರೆ ಡಬ್ಬಿ ಅವರ ಮನೆಗೇ ವಾಪಸ್ ಹೋಗುತ್ತದೆ. ಇಲ್ಲೂ ಅಷ್ಟೇ. ರಸ್ಟ್ ಕೊಟ್ಟ ಮೆಮೊರಿಯನ್ನು ಸಿ ಭಾಷೆಯ ‘ಫ್ರೀ’ಯಿಂದ ಬಿಡಿಸಬಾರದು, ರಸ್ಟ್‌ನದೇ ಒಂದು ಬಿಡಿಸುವ ಫಂಕ್ಷನ್ ಕೇಳಿ ಪಡೆಯಬೇಕು. ಸಿ++ನ ‘ನ್ಯೂ’ಗೆ ಸಿ++ನದೇ ‘ಡಿಲೀಟ್’. ನನ್ನ ಸಲಹೆ ಇನ್ನೂ ಸುಲಭದ್ದು. ದೊಡ್ಡ ಬಫರ್‌ಗಳನ್ನೆಲ್ಲ ಪೈಥಾನ್ ಕಡೆ ನಂಪೈಯಲ್ಲೇ ಮಾಡಿ, ಪಾಯಿಂಟರ್ ಮತ್ತು ಉದ್ದವನ್ನು ಎಲ್ಲರಿಗೂ ಕೊಡಿ. ಅವರು ಬರೆದು ಹೋಗಲಿ. ಯಾರೂ ಕಾಲ್ ಮುಗಿದಮೇಲೆ ಆ ಪಾಯಿಂಟರ್ ಅನ್ನು ನೆನಪಿಟ್ಟುಕೊಳ್ಳಬಾರದು, ಅಷ್ಟು ಷರತ್ತು. ಆಗ ಬಿಡಿಸುವ ಜಗಳವೇ ಹುಟ್ಟುವುದಿಲ್ಲ.

ಸ್ಟ್ರಿಂಗ್‌ಗಳಲ್ಲಿ ಕನ್ನಡದವರಿಗೆ ಒಂದು ವಿಶೇಷ ತೊಂದರೆ ಇದೆ. ರಿಪೋರ್ಟ್‌ನಲ್ಲಿ ಗಿರಾಕಿಯ ಊರು ‘ಬೆಂಗಳೂರು’ ಎಂದು ಕನ್ನಡದಲ್ಲೇ ಬರುತ್ತದೆ ಅಂದುಕೊಳ್ಳಿ. ಕಣ್ಣಿಗೆ ಕಾಣುವುದು 4 ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 8 ಎನ್ನುತ್ತದೆ, ಏಕೆಂದರೆ ಸ್ವರಚಿಹ್ನೆ, ಸೊನ್ನೆಗಳಿಗೆ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸ್ಥಾನ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸ್ಥಾನಕ್ಕೂ 3 ಬೈಟ್ ಬೇಕು. ಒಟ್ಟು 24, ಸಿ ಭಾಷೆಗೆ ಕೊನೆಯ ಸೊನ್ನೆ ಬೈಟ್ ಸೇರಿ 25. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿ, ಅಕ್ಷರ ಎಣಿಸಿ ಬಫರ್ ಕೊಟ್ಟವರ ಪ್ರೋಗ್ರಾಂ ಕನ್ನಡ ಹಾಕಿದ ದಿನ ಪಕ್ಕದ ಮೆಮೊರಿಯನ್ನು ಹಾಳು ಮಾಡುತ್ತದೆ. ಗಡಿಯಲ್ಲಿ ಯಾವಾಗಲೂ ಯುಟಿಎಫ್-8 ಬೈಟ್‌ಗಳು, ಜೊತೆಗೆ ಬೈಟ್‌ಗಳ ಎಣಿಕೆ. ರಸ್ಟ್‌ನ ಸ್ಟ್ರಿಂಗ್ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ ಎಂಬುದೂ ನೆನಪಿರಲಿ.

ರಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಹುಡುಗನಿಗೆ ಗೊತ್ತಿರುತ್ತದೆ. ಪೈಥಾನ್ ಒಂದಕ್ಕೇ ಬೇಕಾದ ಭಾಗವಾದರೆ ಸಿಟೈಪ್ಸ್ ಬಿಟ್ಟು ರಸ್ಟ್ ಅನ್ನು ಪೈಥಾನ್‌ಗೆ ಜೋಡಿಸುವ ಪೈಓ3 ಮತ್ತು ಅದನ್ನು ಪ್ಯಾಕೇಜ್ ಮಾಡುವ ಮ್ಯಾಟುರಿನ್ ಬಳಸಲಿ. ಅದು ನೇರವಾಗಿ ಪೈಥಾನ್ ಮಾಡ್ಯೂಲ್ ಆಗುತ್ತದೆ, ರಸ್ಟ್‌ನ ತಪ್ಪುಗಳು ಪೈಥಾನ್ ಎಕ್ಸೆಪ್ಶನ್ ಆಗಿ ಕಾಣುತ್ತವೆ. ಸಿ ಗಡಿಯಲ್ಲೇ ಇಡುವುದಾದರೆ ಸ್ಟ್ರಕ್ಟ್‌ಗಳಿಗೆ ‘ರೆಪ್ರ್ ಸಿ’ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಫೀಲ್ಡ್‌ಗಳ ಕ್ರಮವನ್ನು ಕಂಪೈಲರ್ ತನಗೆ ಬೇಕಾದಂತೆ ಬದಲಿಸಬಹುದು. 2024ರಲ್ಲಿ ಬಂದ ರಸ್ಟ್ 1.81ರಿಂದ, ಸಿ ಗಡಿಯನ್ನು ದಾಟಲು ಹೊರಟ ಪ್ಯಾನಿಕ್ (ರಸ್ಟ್‌ನಲ್ಲಿ ಮುಂದುವರಿಯಲಾಗದ ತಪ್ಪು) ಇಡೀ ಪ್ರೋಸೆಸ್ ಅನ್ನೇ ನಿಲ್ಲಿಸುತ್ತದೆ. ಹಾಳು ಡೇಟಾದಲ್ಲಿ ಮುಂದುವರಿಯುವುದಕ್ಕಿಂತ ಅದೇ ವಾಸಿ. ಆದರೂ ಗಡಿಯಲ್ಲೇ ಹಿಡಿದು ಕೋಡ್ ಕೊಡುವುದು ಸರಿ.

ಕಾರ್ಡ್‌ನ ಲೈಬ್ರರಿ ಡೇಟಾ ಬಂದಾಗಲೆಲ್ಲ ನಿಮ್ಮ ಪೈಥಾನ್ ಫಂಕ್ಷನ್ ಅನ್ನು ಕಾಲ್‌ಬ್ಯಾಕ್ ಆಗಿ ಕರೆಯುತ್ತದೆಯೇ? ಹಾಗಿದ್ದರೆ ಸಿಟೈಪ್ಸ್‌ನಿಂದ ಮಾಡಿದ ಕಾಲ್‌ಬ್ಯಾಕ್ ಆಬ್ಜೆಕ್ಟ್ ಅನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಫಂಕ್ಷನ್ ಕಾಲ್ ಒಳಗೇ ಮಾಡಿ ಬಿಟ್ಟರೆ ಪೈಥಾನ್ ಅದನ್ನು ಕಸ ಎಂದು ಎತ್ತಿಹಾಕುತ್ತದೆ, ಸಿ++ ಕಡೆ ಅದೇ ಹಳೇ ವಿಳಾಸಕ್ಕೆ ಬಂದು ಬೀಳುತ್ತದೆ. ಇದು ಕೂಡಲೇ ಆಗುವುದಿಲ್ಲ, ಯಾವಾಗಲೋ ಆಗುತ್ತದೆ. ಹಾಗಾಗಿಯೇ ಹುಡುಕುವುದು ಕಷ್ಟ.

ವೇಗದ ವಿಷಯದಲ್ಲೂ ಕಾಲ್‌ಬ್ಯಾಕ್ ಬಗ್ಗೆ ಒಂದು ಮಾತು. ವೈಬ್ರೇಶನ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ಚಾನೆಲ್‌ಗೆ ಸೆಕೆಂಡಿಗೆ 25,600 ಸ್ಯಾಂಪಲ್. 4 ಚಾನೆಲ್ ಇದ್ದು, ಒಂದೊಂದು ಸ್ಯಾಂಪಲ್‌ಗೂ ಗಡಿ ದಾಟಿದರೆ ಸೆಕೆಂಡಿಗೆ 1,02,400 ಕಾಲ್. ಪ್ರತಿ ಸಲವೂ ಪೈಥಾನ್ ಆಬ್ಜೆಕ್ಟ್ ಮಾಡಬೇಕು, ಟೈಪ್ ಬದಲಿಸಬೇಕು, ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಜಿಐಎಲ್ ಎಂಬ ಬೀಗ ಹಿಡಿದು ಬಿಡಬೇಕು. ಬದಲಿಗೆ ಒಂದು ಸೆಕೆಂಡಿನ ಡೇಟಾವನ್ನು ಒಟ್ಟಿಗೆ ತನ್ನಿ. ಡಬಲ್ ಲೆಕ್ಕದಲ್ಲಿ 8,19,200 ಬೈಟ್, ಒಂದು ಎಂಬಿಯೂ ಇಲ್ಲ. ಕಾಲ್ ಒಂದೇ. ಸಿಟೈಪ್ಸ್ ಮಾಮೂಲಾಗಿ ಕಾಲ್ ನಡೆಯುವಾಗ ಆ ಬೀಗವನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಫೋರ್ಟ್ರಾನ್ ಲೆಕ್ಕವನ್ನು ಬೇರೆ ಥ್ರೆಡ್‌ನಿಂದ ಕರೆದರೆ ಅದು ನಡೆಯುವಾಗಲೂ ಸ್ಕ್ರೀನ್ ತಡವರಿಸುವುದಿಲ್ಲ.

ಇನ್ನು ಗಿರಾಕಿಯ ಮಷೀನ್. ಸೆಗ್‌ಫಾಲ್ಟ್ ಸರಿಮಾಡಿದ ಮೇಲೆ ಅಲ್ಲಿ ಬೇರೆ ತಕರಾರು ಏಳಬಹುದು. ‘ಲಿಬ್‌ಜಿಫೋರ್ಟ್ರಾನ್ ತೆರೆಯಲಾಗಲಿಲ್ಲ’ ಅನ್ನುವುದು ಒಂದು, ಅದು ಫೋರ್ಟ್ರಾನ್ ಕೋಡ್ ಓಡಲು ಬೇಕಾದ ಲೈಬ್ರರಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ವರ್ಶನ್ ಸಿಗಲಿಲ್ಲ ಅನ್ನುವುದು ಇನ್ನೊಂದು. ನೀವು ಉಬುಂಟು 24.04ರಲ್ಲಿ ಬಿಲ್ಡ್ ಮಾಡಿದರೆ ಅದರಲ್ಲಿರುವ ಜಿಲಿಬ್‌ಸಿ 2.39. ಅಲ್ಲಿ 20.04 ಇದ್ದರೆ 2.31. ಹಳೆಯದರಲ್ಲಿ ಬಿಲ್ಡ್ ಆದದ್ದು ಹೊಸದರಲ್ಲಿ ನಡೆಯುತ್ತದೆ, ತಿರುಗಿ ನಡೆಯುವುದಿಲ್ಲ. ಹಾಗಾಗಿ ಬಿಲ್ಡ್ ಅನ್ನು ಯಾವಾಗಲೂ ನಿಮ್ಮ ಗಿರಾಕಿಗಳಲ್ಲೇ ಅತಿ ಹಳೇ ಸಿಸ್ಟಂನ ಡಾಕರ್ ಕಂಟೇನರ್‌ನಲ್ಲಿ ಮಾಡಿ. ಪೈಥಾನ್ ಲೋಕದಲ್ಲಿ ಇದಕ್ಕೆಂದೇ ಮೆನಿಲಿನಕ್ಸ್ ಎಂಬ ಸಿದ್ಧ ಕಂಟೇನರ್‌ಗಳಿವೆ. ಆಡಿಟ್‌ವೀಲ್ ಎಂಬ ಟೂಲ್ ಬೇಕಾದ ಎಸ್‌ಓ (ಲೈಬ್ರರಿ) ಫೈಲ್‌ಗಳನ್ನು ನಿಮ್ಮ ಪ್ಯಾಕೇಜ್ ಒಳಗೇ ಸೇರಿಸುತ್ತದೆ. ಲಿಬ್‌ಜಿಫೋರ್ಟ್ರಾನ್ ಅನ್ನು ನಿಮ್ಮ ಪ್ರಾಡಕ್ಟ್ ಜೊತೆ ಕೊಡಲು ಲೈಸೆನ್ಸ್‌ನಲ್ಲೇ ವಿನಾಯಿತಿ ಇದೆ, ಹೆದರಬೇಕಿಲ್ಲ. ಕಾರ್ಡ್ ಕಂಪನಿಯ ಲೈಬ್ರರಿಗೆ ಮಾತ್ರ ಅವರ ಕರಾರು ಓದಿ. ಎಲ್‌ಡಿ ಲೈಬ್ರರಿ ಪಾತ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಹಾಕಿ ಹೇಗೋ ನಡೆಸುವ ಅಭ್ಯಾಸ ಬೇಡ. ಲಿಂಕ್ ಮಾಡುವಾಗಲೇ ಆರ್‌ಪಾತ್‌ನಲ್ಲಿ ‘ಒರಿಜಿನ್’ ಕೊಟ್ಟರೆ ಲೈಬ್ರರಿಯನ್ನು ತಾನಿರುವ ಫೋಲ್ಡರ್‌ನಲ್ಲೇ ಹುಡುಕುತ್ತದೆ.

ಪ್ರತಿ ಸಲ ಇದನ್ನು ಗಿರಾಕಿಯ ಹತ್ತಿರ ಹೋಗಿ ನೋಡುವುದು ಬೇಡ. ಹಳದಿ ಮೆಟ್ರೊ ಬಂದಮೇಲೂ ಪೀಣ್ಯದಿಂದ ಬೊಮ್ಮಸಂದ್ರ ಅಂದರೆ ಊರಿನ ಈ ತುದಿಯಿಂದ ಆ ತುದಿ. ಎಸ್‌ಪಿ ರೋಡ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಸಿ ತನ್ನಿ. ಅದರಲ್ಲಿ ಕಂಪೈಲರ್ ಹಾಕಬೇಡಿ, ಯಾವ ಡೆವಲಪ್‌ಮೆಂಟ್ ಪ್ಯಾಕೇಜೂ ಹಾಕಬೇಡಿ. ಆ ಬರೀ ಮಷೀನ್‌ನಲ್ಲಿ ನಡೆದದ್ದನ್ನು ಮಾತ್ರ ಹೊರಗೆ ಕಳಿಸಿ. ಮೊದಲು ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಎಲ್‌ಡಿಡಿ ಓಡಿಸಿ, ‘ನಾಟ್ ಫೌಂಡ್’ ಎಂಬ ಸಾಲು ಒಂದೂ ಇರಬಾರದು. ಎನ್‌ಎಂ ಓಡಿಸಿದರೆ ಲೈಬ್ರರಿ ಹೊರಗೆ ತೋರಿಸುವ ಹೆಸರುಗಳು ಕಾಣುತ್ತವೆ, ಅಂಡರ್‌ಸ್ಕೋರ್ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಪೈಥಾನ್ ಅನ್ನು ಫಾಲ್ಟ್‌ಹ್ಯಾಂಡ್ಲರ್ ಆನ್ ಮಾಡಿ ಓಡಿಸಿ. ಸೆಗ್‌ಫಾಲ್ಟ್ ಆದರೂ ಪೈಥಾನ್‌ನ ಯಾವ ಸಾಲಿನಲ್ಲಿ ಎಂದು ಅದು ಬರೆದೇ ಸಾಯುತ್ತದೆ. ನಿಮ್ಮ ರ‍್ಯಾಪರ್ ಅನ್ನು ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಒಮ್ಮೆ ಬಿಲ್ಡ್ ಮಾಡಿ ನೋಡುವುದೂ ಒಳ್ಳೆಯದು.

ಒಂದು ವಿಷಯದಲ್ಲಿ ನಾನು ನಿಮ್ಮ ಈಗಿನ ಜೋಡಣೆಯನ್ನೇ ಬದಲಿಸುತ್ತೇನೆ. ಸೋರ್ಸ್ ಇಲ್ಲದ ಆ ಕಾರ್ಡ್ ಲೈಬ್ರರಿಯನ್ನು ಪೈಥಾನ್ ಪ್ರೋಸೆಸ್ ಒಳಗೆ ಲೋಡ್ ಮಾಡಲೇ ಬೇಡಿ. ಅದಕ್ಕೊಂದು ಸಣ್ಣ ಸಿ++ ಪ್ರೋಗ್ರಾಂ ಬರೆಯಿರಿ. ಕಾರ್ಡ್‌ನಿಂದ ಓದುವುದು, ಶೇರ್ಡ್ ಮೆಮೊರಿಯಲ್ಲಿ ಇಡುವುದು, ಅಷ್ಟೇ ಅದರ ಕೆಲಸ. ಪೈಥಾನ್ 3.8ರಿಂದ ಶೇರ್ಡ್ ಮೆಮೊರಿ ಮಾಡ್ಯೂಲ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ, ನಂಪೈ ಅದನ್ನು ಕಾಪಿ ಇಲ್ಲದೆ ಓದುತ್ತದೆ. ‘ಹೊಸ ಬ್ಲಾಕ್ ಬಂತು’ ಎಂದು ಹೇಳಲು ಒಂದು ಪೈಪ್ ಸಾಕು. ಲೈಬ್ರರಿಯಲ್ಲಿ ದೋಷ ಇದ್ದು ಕ್ರ್ಯಾಶ್ ಆದರೆ ಆ ಸಣ್ಣ ಪ್ರೋಗ್ರಾಂ ಮಾತ್ರ ಬೀಳುತ್ತದೆ, ಪೈಥಾನ್ ಅದನ್ನು ಮತ್ತೆ ಎಬ್ಬಿಸುತ್ತದೆ. ಗಿರಾಕಿಗೆ ಸ್ಕ್ರೀನ್‌ನಲ್ಲಿ ‘ಕಾರ್ಡ್ ಮತ್ತೆ ಜೋಡಣೆಯಾಗುತ್ತಿದೆ’ ಎಂದು ಕಾಣುತ್ತದೆ. ನಾಳೆ ಆ ಕಂಪನಿ 32 ಬಿಟ್ ಲೈಬ್ರರಿ ಒಂದನ್ನೇ ಕೊಟ್ಟರೂ ಈ ದಾರಿ ನಡೆಯುತ್ತದೆ. 64 ಬಿಟ್ ಪ್ರೋಸೆಸ್ ಒಳಗೆ 32 ಬಿಟ್ ಲೈಬ್ರರಿ ಲೋಡ್ ಆಗುವುದಿಲ್ಲ, ಆದರೆ ಪಕ್ಕದಲ್ಲಿ ಬೇರೆ ಪ್ರೋಸೆಸ್ ಆಗಿ ಓಡಲು ಅಡ್ಡಿಯಿಲ್ಲ. ಫೋರ್ಟ್ರಾನ್, ರಸ್ಟ್ ಎರಡರ ಸೋರ್ಸೂ ನಿಮ್ಮ ಕೈಯಲ್ಲಿದೆ. ಅವು ಪೈಥಾನ್ ಒಳಗೇ ಇರಲಿ. ಎಲ್ಲವನ್ನೂ ಬೇರೆ ಬೇರೆ ಪ್ರೋಸೆಸ್ ಮಾಡಿ ನಡುವೆ ಮಾತುಕತೆಗೆ ಜಿಆರ್‌ಪಿಸಿ ಹಾಕುವವರೂ ಇದ್ದಾರೆ. ಒಂದೇ ಪಿಸಿಯಲ್ಲಿ ಕೂರುವ ಯಂತ್ರಕ್ಕೆ ಅದು ಅತಿಯಾಯಿತು.

ಬಾಸ್‌ಗೆ ತೋರಿಸಲು ಒಂದು ಟೆಸ್ಟ್ ಮಾಡಿಡಿ. 50 ಹರ್ಟ್ಸ್‌ನ ಶುದ್ಧ ಸೈನ್ ಅಲೆಯನ್ನು ಫೈಲ್ ಮಾಡಿ, ರಸ್ಟ್‌ನಿಂದ ಓದಿಸಿ, ಫೋರ್ಟ್ರಾನ್‌ಗೆ ಕೊಟ್ಟು, ಉತ್ತರವನ್ನು ಹಳೇ ಪ್ರೋಗ್ರಾಂನ ಉತ್ತರದ ಜೊತೆ ಹೋಲಿಸಿ. ಪ್ರತಿ ಬಿಲ್ಡ್‌ಗೂ ಇದು ತಾನಾಗಿಯೇ ಓಡಲಿ.

ಕೊನೆಯದಾಗಿ ಉಳಿದಿರುವುದು ರಿಟೈರ್ ಆದ ಆ ಹಿರಿಯರು. ಒಮ್ಮೆ ಅವರ ಮನೆಗೆ ಹೋಗಿ ಬನ್ನಿ, ಕೋಡ್ ಪ್ರಿಂಟ್ ಮಾಡಿಕೊಂಡೇ ಹೋಗಿ. ಹಳೇ ಫೋರ್ಟ್ರಾನ್‌ನಲ್ಲಿ ‘ಕಾಮನ್’ ಬ್ಲಾಕ್, ‘ಸೇವ್’ ಎಂದು ಬರೆದ ವೇರಿಯಬಲ್‌ಗಳು ಇದ್ದೇ ಇರುತ್ತವೆ. ಅವು ಇಡೀ ಪ್ರೋಸೆಸ್‌ಗೆ ಒಂದೇ ಪ್ರತಿ. ಎರಡು ಥ್ರೆಡ್‌ಗಳು ಒಂದೇ ಸಬ್‌ರೂಟೀನ್ ಅನ್ನು ಒಟ್ಟಿಗೆ ಕರೆದರೆ ಒಂದು ಚಾನೆಲ್‌ನ ಲೆಕ್ಕ ಇನ್ನೊಂದರ ಮೇಲೆ ಬೀಳುತ್ತದೆ. ಯಾವ ವೇರಿಯಬಲ್ ಎರಡು ಕಾಲ್‌ಗಳ ನಡುವೆ ಉಳಿಯಬೇಕು, ಯಾವುದು ಉಳಿಯಬಾರದು, ಯಾವ ಸಂಖ್ಯೆ ಯಾವ ಯೂನಿಟ್‌ನಲ್ಲಿದೆ, ಇದನ್ನು ಅವರ ಬಾಯಿಂದಲೇ ಕೇಳಿ ಹೊಸ ‘ಬೈಂಡ್ ಸಿ’ ಫೈಲ್‌ನಲ್ಲಿ ಕಾಮೆಂಟ್ ಆಗಿ ಬರೆಯಿರಿ. ಅಲ್ಲಿಯ ತನಕ ಫೋರ್ಟ್ರಾನ್ ಕಾಲ್‌ಗಳ ಸುತ್ತ ಪೈಥಾನ್‌ನಲ್ಲಿ ಒಂದು ಲಾಕ್ ಹಾಕಿ, ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಹೋಗಲಿ.